ನ್ಯೂಟನ್ ಜೇನುಪೆಟ್ಟಿಗೆ: ಜೇನನ್ನೇ ಕಸುಬು ಮಾಡಿಕೊಳ್ಳುವವರು ಕೊಳ್ಳುವ ಮುನ್ನ

ಕೊಡಗಿನ ಮನೆಗಳಲ್ಲಿ ಮಕ್ಕಳ ಓದು ಮುಗಿದರೆ ಮುಂದಿನ ದಾರಿ ಬಹುಮಟ್ಟಿಗೆ ಗೊತ್ತಿರುವಂಥದ್ದೇ: ಸೈನ್ಯ, ಬೆಂಗಳೂರಿನ ನೌಕರಿ, ಇಲ್ಲವೇ ಮನೆಯ ಕಾಫಿ ತೋಟ. ಈ ಮೂರನ್ನೂ ಬಿಟ್ಟು ಜೇನು ಸಾಕುತ್ತೇನೆ ಎಂದರೆ ಹಿರಿಯರು ಗಾಬರಿಯಾಗುತ್ತಾರೆ. ತೋಟದ ಮೂಲೆಯಲ್ಲಿ ನಾಲ್ಕು ಪೆಟ್ಟಿಗೆ ಇಟ್ಟು ಮನೆಖರ್ಚಿಗೆ ಜೇನು ಮಾಡಿಕೊಳ್ಳಬಹುದು, ಅದರಿಂದ ಸಂಸಾರ ನಡೆಯುವುದಿಲ್ಲ ಎಂಬುದು ಅವರ ಲೆಕ್ಕ. ಆ ಲೆಕ್ಕಕ್ಕೆ ಕಾರಣವೂ ಇದೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ಬಂದು ದಕ್ಷಿಣ ಭಾರತದಲ್ಲಿ ತುಡುವೆಯ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಟಿ ಜೇನಿನ, ಕುಟುಂಬಗಳು (ಒಂದು ರಾಣಿಯ ಸುತ್ತ ಬದುಕುವ ನೊಣಗಳ ಗುಂಪುಗಳು) ಬಹುಪಾಲು ಸತ್ತುಹೋದವು. ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದ್ದನ್ನು ಕಂಡವರು ಇನ್ನೂ ಇದ್ದಾರೆ. ಮೇಲಾಗಿ ನಮ್ಮದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೇನುನೊಣ ಬಾಗಿಲಾಚೆ ಹಾರಲಾಗದಂಥ ಮಳೆಯ ಜಿಲ್ಲೆ.

ರೋಗ, ಮಳೆ, ಈ ಎರಡು ಆಕ್ಷೇಪಗಳಿಗೂ ಮಾತಿನಿಂದ ಉತ್ತರ ಕೊಡಲಾಗದು. ಪೆಟ್ಟಿಗೆಯ ಗುಣ ಮತ್ತು ಅದನ್ನು ನೋಡಿಕೊಳ್ಳುವ ರೀತಿ, ಉತ್ತರ ಸಿಗುವುದು ಅಲ್ಲೇ. ಹಾಗಾಗಿ ಹೊಸಬರು ಮೊದಲು ಹಣ ಹಾಕುವ ವಸ್ತುವಾದ ನ್ಯೂಟನ್ ಪೆಟ್ಟಿಗೆಯನ್ನೇ ಇಲ್ಲಿ ಬಿಡಿಸಿ ನೋಡಿದ್ದೇವೆ.

ಆನ್‌ಲೈನ್‌ನಲ್ಲಿ ಹುಡುಕಿದರೆ ಮೊದಲು ಕಾಣುವುದು ಹತ್ತು ಚೌಕಟ್ಟಿನ (ನೊಣ ಎರಿ ಕಟ್ಟಲು ಒಳಗೆ ತೂಗುಹಾಕುವ ಮರದ ಚೌಕಟ್ಟು) ದೊಡ್ಡ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆ. ಅದು ಯುರೋಪಿನ ಮೆಲ್ಲಿಫೆರಾ ಜೇನಿಗೆ ಮಾಡಿದ್ದು. ನಮ್ಮ ತುಡುವೆಯ ಕುಟುಂಬ ಚಿಕ್ಕದು, ಅಷ್ಟು ಜಾಗವನ್ನು ಬೆಚ್ಚಗಿಡಲು ಅದಕ್ಕೆ ಆಗುವುದಿಲ್ಲ. ನೊಣ ತಲುಪದ ಎರಿಗಳಿಗೆ (ಮೇಣದ ಕೋಶಗಳ ಹಲ್ಲೆಗಳಿಗೆ) ಮೇಣದ ಹುಳು ಬೀಳುತ್ತದೆ, ಕೆಲವೇ ವಾರದಲ್ಲಿ ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ನ್ಯೂಟನ್ ಪೆಟ್ಟಿಗೆಯನ್ನು ಕಳೆದ ಶತಮಾನದ ಆರಂಭದಲ್ಲಿ ತಮಿಳುನಾಡಿನಲ್ಲಿದ್ದ ಪಾದ್ರಿ ನ್ಯೂಟನ್ ತುಡುವೆಗೆಂದೇ ರೂಪಿಸಿದರು. ಕೆಳಗೆ ರಾಣಿ ಮೊಟ್ಟೆಯಿಟ್ಟು ಮರಿ ಬೆಳೆಯುವ ಏಳು ಚೌಕಟ್ಟಿನ ಸಂಸಾರ ಕೋಣೆ, ಮೇಲೆ ಎತ್ತರ ಕಡಿಮೆಯ ಜೇನು ಕೋಣೆ. ಎಂಟು ಚೌಕಟ್ಟಿನ ಐಎಸ್‌ಐ ‘ಎ’ ಮಾದರಿಯೂ ತುಡುವೆಗೆ ಹೊಂದುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಬೆರೆಸಬೇಡಿ. ಒಂದರ ಚೌಕಟ್ಟು ಇನ್ನೊಂದರಲ್ಲಿ ಕೂರುವುದಿಲ್ಲ. ಐವತ್ತು ಪೆಟ್ಟಿಗೆ ಆದಾಗ ಕುಟುಂಬ ಪಾಲು ಮಾಡಲು, ಬಡವಾದ ಕುಟುಂಬಕ್ಕೆ ಎರಿ ಕೊಡಲು ಚೌಕಟ್ಟುಗಳೆಲ್ಲ ಒಂದೇ ಅಳತೆಯಲ್ಲಿರಬೇಕು.

ಕೊಳ್ಳುವಾಗ ಅಂಗಡಿಯಲ್ಲೇ ಮುಚ್ಚಳ ತೆಗೆಸಿ. ಜೇಬಿನಲ್ಲಿ ಸಾಧಾರಣ ಪೆನ್ಸಿಲ್ ಒಂದಿರಲಿ. ಅದರ ದಪ್ಪ ಸುಮಾರು 7 ಮಿ.ಮೀ. ಚೌಕಟ್ಟಿನ ಪಕ್ಕದ ಪಟ್ಟಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಅದನ್ನು ಮೇಲಿಂದ ಕೆಳಗೆ ಇಳಿಸಿ. ಹೆಚ್ಚು ಅಲುಗಾಡದೆ ಸಲೀಸಾಗಿ ಇಳಿದರೆ ಅಳತೆ ಸರಿ. ತುಡುವೆಗೆ ಓಡಾಡಲು ಬೇಕಾದ ಸಂದು 7ರಿಂದ 9 ಮಿ.ಮೀ. ಅದಕ್ಕಿಂತ ಕಿರಿದಾದರೆ ನೊಣ ಮೇಣ ಮೆತ್ತಿ ಮುಚ್ಚುತ್ತದೆ, ಚೌಕಟ್ಟು ಎತ್ತುವಾಗ ಪಟ್ಟಿ ಕಿತ್ತುಬರುತ್ತದೆ. ಅಗಲವಾದರೆ ಅಲ್ಲೇ ಅಡ್ಡ ಎರಿ ಕಟ್ಟುತ್ತದೆ. ಎತ್ತಿದೊಡನೆ ಎರಿ ಹರಿದು ಜೇನು ಸೋರುತ್ತದೆ, ನೊಣ ಸಾಯುತ್ತವೆ, ರಾಣಿಯೇ ನಜ್ಜುಗುಜ್ಜಾಗಬಹುದು. ಚೌಕಟ್ಟಿನಿಂದ ಚೌಕಟ್ಟಿಗೆ ನಡುವಿನಿಂದ ನಡುವಿಗೆ ಸುಮಾರು 30 ಮಿ.ಮೀ. ಇರಬೇಕು. ಒಂದೇ ಪೆಟ್ಟಿಗೆ ನೋಡಿ ತೃಪ್ತಿಪಡಬೇಡಿ, ಮೂರು ಪೆಟ್ಟಿಗೆಗಳ ಚೌಕಟ್ಟನ್ನು ಅದಲುಬದಲು ಮಾಡಿ ಕೂರಿಸಿ. ಅಗ್ಗದ ಪೆಟ್ಟಿಗೆಗಳು ಸೋಲುವುದು ಈ ಪರೀಕ್ಷೆಯಲ್ಲೇ.

ಮರ ತೇಗ, ಹಲಸು ಯಾವುದಾದರೂ ಆಗಬಹುದು, ಚೆನ್ನಾಗಿ ಒಣಗಿರಬೇಕು ಅಷ್ಟೇ. ಹಸಿ ಮರ ಎತ್ತಿದಾಗಲೇ ಭಾರದಿಂದ ತಿಳಿಯುತ್ತದೆ. ಮೊದಲ ಬೇಸಗೆಯಲ್ಲಿ ಬಿರಿದು, ಮೊದಲ ಮಳೆಗೆ ಡೊಂಕಾಗುತ್ತದೆ. ಪ್ಲೈವುಡ್ ಪೆಟ್ಟಿಗೆ ಬೇಡವೇ ಬೇಡ: ಕೊಡಗಿನ ಒಂದು ಮಳೆಗಾಲಕ್ಕೆ ಪದರ ಬಿಡುತ್ತದೆ. ಗೋಡೆ 20 ಮಿ.ಮೀ. ದಪ್ಪವಾದರೂ ಇರಲಿ. ಬಣ್ಣ ಹೊರಗಡೆಗೆ ಮಾತ್ರ, ಒಳಗೆ ಬಳಿದಿದ್ದರೆ ವಾಪಸು ಕೊಡಿ. ಮುಚ್ಚಳಕ್ಕೆ ತಗಡು ಹೊದಿಸಿದೆಯೇ, ಗಾಳಿಯಾಡುವ ತೂತಿಗೆ ಜಾಲರಿ ಇದೆಯೇ ನೋಡಿ. ಗಾಳಿಯಾಡದ ಪೆಟ್ಟಿಗೆಯಲ್ಲಿ ಜುಲೈ ಹೊತ್ತಿಗೆ ಒಳಮುಚ್ಚಳದಿಂದ ನೀರು ತೊಟ್ಟಿಕ್ಕುತ್ತದೆ, ಎರಿಗೆ ಬೂಷ್ಟು ಹಿಡಿಯುತ್ತದೆ.

ಪೆಟ್ಟಿಗೆಯ ಜೊತೆ ಕೊಡುವ ಕಬ್ಬಿಣದ ಸ್ಟ್ಯಾಂಡ್ ಈ ಸೆಟ್ಟಿನ ಅತಿ ದುರ್ಬಲ ಭಾಗ. ಇರುವೆ ತಡೆಯಲು ಕಾಲಿಗೆ ನೀರು ಇಲ್ಲವೇ ಎಣ್ಣೆ ತುಂಬುವ ಬಟ್ಟಲು ಇರುತ್ತದೆ, ಆದರೆ ಬಟ್ಟಲಿನ ಮೇಲೆ ಕೊಡೆ ಇರುವುದಿಲ್ಲ. ಮಡಿಕೇರಿ, ಭಾಗಮಂಡಲದ ಮಳೆಗೆ ಬಟ್ಟಲು ತುಂಬಿ ಎಣ್ಣೆ ಹರಿದುಹೋಗುತ್ತದೆ, ಬೇಸಗೆಯಲ್ಲಿ ನೀರು ಆರಿ ಒಣ ಎಲೆಯೇ ಇರುವೆಗೆ ಸೇತುವೆಯಾಗುತ್ತದೆ. ಬಟ್ಟಲಿನ ಮೇಲ್ಗಡೆ ಕಾಲಿಗೆ ತಗಡಿನ ಲಾಳಿಕೆಯೊಂದನ್ನು ಕೊಡೆಯಂತೆ ಬೋರಲಾಗಿ ಬೆಸುಗೆ ಹಾಕಿಸಿಕೊಳ್ಳಿ. ಸಣ್ಣ ಕೆಲಸ, ಇದೊಂದರಿಂದ ಎಷ್ಟೋ ಕುಟುಂಬ ಉಳಿಯುತ್ತದೆ.

ಮಳೆಗಾಲದ ಆಹಾರದ ವಿಷಯದಲ್ಲಿ ಜಿಪುಣತನ ಸಲ್ಲದು. ಒಂದು ಕೆಜಿ ಸಕ್ಕರೆಗೆ ಒಂದು ಲೀಟರ್ ನೀರು, ಕುದಿಸಿ ಆರಿಸಿ, ಕುಟುಂಬಕ್ಕೆ 200ರಿಂದ 300 ಮಿ.ಲೀ.ನಂತೆ ವಾರಕ್ಕೆ ಎರಡು ಸಲ. ಸಂಜೆ ಕತ್ತಲಾಗುವಾಗ ಪೆಟ್ಟಿಗೆಯೊಳಗೇ ಇಡಿ, ತೇಲಲು ಒಂದೆರಡು ಕಡ್ಡಿ ಹಾಕಿ, ಇಲ್ಲದಿದ್ದರೆ ನೊಣ ಮುಳುಗುತ್ತವೆ. ಹಗಲು ಕೊಟ್ಟರೆ, ಹೊರಗೆ ಚೆಲ್ಲಿದರೆ ಅಕ್ಕಪಕ್ಕದ ಕುಟುಂಬಗಳು ಕೊಳ್ಳೆ ಹೊಡೆಯಲು ಬರುತ್ತವೆ. ಖಾಲಿ ಎರಿಗಳನ್ನು ತೆಗೆದು, ನೊಣ ಮುಚ್ಚಿಕೊಳ್ಳುವಷ್ಟು ಎರಿಗಳನ್ನೇ ಉಳಿಸಿ, ಅಡಿಹಲಗೆಯ ಕಸ ಹದಿನೈದು ದಿನಕ್ಕೊಮ್ಮೆ ಗುಡಿಸಿ. ಮೇಣದ ಹುಳುವಿನ ಮೊಟ್ಟೆ ಆ ಕಸದಲ್ಲೇ ಇರುತ್ತದೆ. ಜೇನು ತೆಗೆಯುವಾಗ ಸಂಸಾರ ಕೋಣೆಗೆ ಕೈ ಹಾಕದಿದ್ದರೆ ಈ ಸಕ್ಕರೆ ಖರ್ಚೂ ಕಡಿಮೆಯಾಗುತ್ತದೆ.

ಥಾಯ್ ಸ್ಯಾಕ್‌ಬ್ರೂಡ್ ರೋಗ ಗುರುತಿಸುವುದು ಹೀಗೆ: ಎರಿಯ ಕೋಶದ ಮೇಣದ ಮುಚ್ಚಳ ತೂತಾಗಿ, ಒಳಗಿನ ಮರಿಹುಳು ಮೂತಿ ಮೇಲೆತ್ತಿ ಮಲಗಿರುತ್ತದೆ. ಪಿನ್ನಿನಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ. ವೈರಾಣು ರೋಗವಾದ್ದರಿಂದ ಆಂಟಿಬಯಾಟಿಕ್ ಹಾಕಿ ಪ್ರಯೋಜನವಿಲ್ಲ. ರಾಣಿಯನ್ನು ಎರಡು ಮೂರು ವಾರ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿ, ರೋಗದ ಎರಿಗಳನ್ನು ಸುಟ್ಟುಹಾಕಿ, ಆ ಪೆಟ್ಟಿಗೆಯ ಎರಿಯನ್ನು ಬೇರೆ ಕುಟುಂಬಕ್ಕೆ ಕೊಡಬೇಡಿ. ರೋಗದ ನಡುವೆಯೂ ಗಟ್ಟಿಯಾಗಿ ಉಳಿದ ಕುಟುಂಬದಿಂದಲೇ ಮುಂದಿನ ರಾಣಿಗಳನ್ನು ಎಬ್ಬಿಸಿ.

ಇನ್ನು ಹೊಟ್ಟೆಪಾಡಿನ ಮಾತು. ಚೆನ್ನಾಗಿ ನೋಡಿಕೊಂಡ ನ್ಯೂಟನ್ ಪೆಟ್ಟಿಗೆಯಿಂದ ವರ್ಷಕ್ಕೆ 6 ಕೆಜಿ ಎಂದು ಹಿಡಿಯಿರಿ, ಮನೆಯಲ್ಲಿ ಲೆಕ್ಕ ಒಪ್ಪಿಸುವಾಗ ಅದಕ್ಕಿಂತ ಮೇಲೆ ಹೇಳಬೇಡಿ. 50 ಪೆಟ್ಟಿಗೆಗೆ 300 ಕೆಜಿ ಆಯಿತು. ಬರೀ ಜೇನನ್ನು ನಂಬದೆ, ಮಳೆ ನಿಂತ ಮೇಲೆ ಬೆಳೆದ ಕುಟುಂಬಗಳನ್ನು ಪಾಲು ಮಾಡಿ ಮಾರುವುದನ್ನೂ ಸೇರಿಸಿಕೊಳ್ಳಬೇಕು. ಜನವರಿಯಿಂದ ಮಾರ್ಚ್‌ವರೆಗೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೆ ಪೆಟ್ಟಿಗೆ ಸಾಗಿಸಿ, ಏಪ್ರಿಲ್‌ಗೆ ವಾಪಸು ತಂದು ಇಲ್ಲಿನ ನೇರಳೆ, ಮತ್ತಿಯ ಹೂವು ಹಿಡಿದರೆ ಎರಡು ಸುಗ್ಗಿ ಸಿಗುತ್ತದೆ. ನ್ಯೂಟನ್ ಪೆಟ್ಟಿಗೆ ಚಿಕ್ಕದಾದ್ದರಿಂದ ಸಾಗಣೆ ಸುಲಭ, ಇದು ಅದರ ದೊಡ್ಡ ಗುಣ. ರಾತ್ರಿ, ಬಾಗಿಲಿಗೆ ಜಾಲರಿ ಹೊಡೆದು, ಚೌಕಟ್ಟು ಅಲುಗದಂತೆ ಬಿಗಿದು ಸಾಗಿಸಬೇಕು. ಜಾಗಕ್ಕಾಗಿ ಹೆಚ್ಚು ಅಲೆಯಬೇಕಿಲ್ಲ. ರೊಬಸ್ಟಾ ಕಾಫಿ ಬೇರೆ ಗಿಡದ ಪರಾಗದಿಂದಲೇ ಕಾಯಿ ಕಟ್ಟುವ ಗಿಡ, ಹೂಮಳೆ (ಕಾಫಿ ಹೂ ಅರಳಿಸುವ ಬೇಸಗೆಯ ಮಳೆ) ಆದ ಮೇಲೆ ತೋಟದಲ್ಲಿ ಜೇನಿದ್ದರೆ ಬೆಳೆಗಾರರಿಗೂ ಲಾಭ. ಇದನ್ನು ವಿವರಿಸಿ ಕೇಳಿದರೆ ಜಾಗ ಕೊಡುತ್ತಾರೆ. ಔಷಧಿ ಹೊಡೆಯುವ ದಿನವನ್ನು ಹಿಂದಿನ ದಿನವೇ ತಿಳಿಸಬೇಕೆಂದು ಮಾತು ತೆಗೆದುಕೊಳ್ಳಿ.

ಜೇನು ತೆಗೆಯುವ ಯಂತ್ರ ಸ್ಟೀಲಿನದ್ದೇ ಆಗಿರಲಿ. ಜೇನು ಹುಳಿ ಪದಾರ್ಥ, ತಗಡಿನ ಡ್ರಮ್ಮಿನ ಲೋಹವನ್ನು ಕರಗಿಸಿಕೊಳ್ಳುತ್ತದೆ. ಯಂತ್ರಕ್ಕಿಂತ ಮೊದಲು ತೇವಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ಕೊಳ್ಳಿ. 20 ಶೇಕಡಕ್ಕಿಂತ ಹೆಚ್ಚು ನೀರಿರುವ ಜೇನು ಬಾಟಲಿಯಲ್ಲಿ ನೊರೆಯೆದ್ದು ಹುಳಿಯುತ್ತದೆ, ಗಿರಾಕಿ ಕಲಬೆರಕೆ ಎಂದೇ ತಿಳಿಯುತ್ತಾನೆ. ಎರಿಯ ಮುಕ್ಕಾಲು ಭಾಗಕ್ಕೆ ಮುಚ್ಚಳ ಬಿದ್ದ ಮೇಲೆ ತೆಗೆಯಿರಿ, ಮಳೆ ಬಂದ ದಿನ ತೆಗೆಯಬೇಡಿ.

ಅಳತೆ ಸರಿಯಿರುವ ನ್ಯೂಟನ್ ಪೆಟ್ಟಿಗೆಗೆ ನಾವು ಪೂರ್ಣ ಮನಸ್ಸಿನಿಂದ ಶಿಫಾರಸು ಕೊಡುತ್ತೇವೆ, ಸ್ಟ್ಯಾಂಡಿಗೆ ಕೊಡುವುದಿಲ್ಲ. ಸಬ್ಸಿಡಿ ಇದೆಯೇ ಎಂದು ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಮೊದಲೇ ವಿಚಾರಿಸಿ, ಸಬ್ಸಿಡಿ ಪೆಟ್ಟಿಗೆಗೂ ಪೆನ್ಸಿಲ್ ಪರೀಕ್ಷೆ ಮಾಡಿ. ಮರ ಒಣಗಿರುವ ಮಾರ್ಚ್–ಏಪ್ರಿಲ್‌ನಲ್ಲಿ ಪೆಟ್ಟಿಗೆ ಮಾಡಿಸಿ, ಕುಟುಂಬವನ್ನು ಅಕ್ಟೋಬರ್ ಕಳೆದ ಮೇಲೆ ತನ್ನಿ. ಮೊದಲ ವರ್ಷಕ್ಕೆ ಐದು ಸಾಕು, ಅವು ಮುಂದಿನ ಮಳೆಗಾಲ ದಾಟಿದ ಮೇಲೆ ಇನ್ನುಳಿದ ಪೆಟ್ಟಿಗೆಗಳಿಗೆ ಆರ್ಡರ್ ಕೊಡಿ.