ಯಹೂದಿ ಅಧ್ಯಯನ: ಒಂದು ವರ್ಷ, ಮೂರು ತರಗತಿ

ಲಂಡನ್ನಿನಲ್ಲಿ ಯಹೂದಿ ಅಧ್ಯಯನದ ಎಂ.ಎ. ಮಾಡುವಾಗ ನಾನು ಮೂರು ಬಗೆಯ ತರಗತಿಗಳಲ್ಲಿ ಕೂತೆ. ಒಂದು, ಆದಿಯಿಂದ ಇಂದಿನವರೆಗಿನ ಇತಿಹಾಸ. ಇನ್ನೊಂದು, ಕೈರೋ ಗೆನಿಜಾದ ಹಳೆಯ ಕಾಗದಗಳು. ಮತ್ತೊಂದು, ತಾಲ್ಮುಡ್, ಅಂದರೆ ಯಹೂದಿ ಧರ್ಮಶಾಸ್ತ್ರದ ನಿಯಮಗಳೂ ಅವುಗಳ ಮೇಲಿನ ಚರ್ಚೆಗಳೂ ಇರುವ ಗ್ರಂಥ. ಈ ವಿಷಯ ಓದಬೇಕೆಂದಿರುವ ಕೆಲವರು ಯಾವುದನ್ನು ತಗೊಳ್ಳಲಿ ಅಂತ ಕೇಳಿದ್ದಾರೆ. ಅವರಿಗಾಗಿ ಇದು.

ಇತಿಹಾಸದ ತರಗತಿಗೆ ಸೇರುವುದು ಸುಲಭ. ಹೀಬ್ರೂ ಬೇಕಿಲ್ಲ, ಎಲ್ಲವೂ ಇಂಗ್ಲಿಷಿನಲ್ಲೇ. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರು ಜೆರುಸಲೇಮಿನ ದೇವಾಲಯ ಕೆಡವಿದ್ದು, ಕ್ರಿ.ಶ. 70ರಲ್ಲಿ ರೋಮನ್ನರು ಎರಡನೆಯ ದೇವಾಲಯ ಸುಟ್ಟಿದ್ದು, 1492ರಲ್ಲಿ ಯಹೂದಿಗಳನ್ನು ಸ್ಪೇನಿನಿಂದ ಹೊರಹಾಕಿದ್ದು, ನಾಜಿಗಳು 60 ಲಕ್ಷ ಯಹೂದಿಗಳನ್ನು ಕೊಂದಿದ್ದು. ಈ ಚೌಕಟ್ಟು ಬೇಕೇ ಬೇಕು. ಆದರೆ ವಾರಕ್ಕೊಂದು ಶತಮಾನ ಓಡಿದರೆ ತಲೆಯಲ್ಲಿ ಉಳಿಯುವುದು ದುರಂತಗಳು ಮಾತ್ರ. ಯಹೂದಿಗಳ ಕಥೆಯನ್ನು ಹೀಗೆ ಬರೀ ಕಣ್ಣೀರಿನ ಕಥೆ ಮಾಡಬಾರದು ಅಂತ ಇತಿಹಾಸಕಾರ ಸಾಲೋ ಬ್ಯಾರನ್ 1928ರಲ್ಲೇ ವಾದಿಸಿದ್ದರು. ಎರಡು ದುರಂತಗಳ ನಡುವಿನ ನೂರಾರು ವರ್ಷ ಆ ಜನ ಬದುಕಿದ್ದರು, ಅಲ್ವಾ? ಮದುವೆ ಮಾಡಿದರು, ಸಾಲ ಕೊಟ್ಟರು, ಜಗಳ ಆಡಿದರು. ಆ ಬದುಕು ನನಗೆ ಈ ತರಗತಿಯಲ್ಲಿ ಸಿಗಲಿಲ್ಲ.

ಅದು ಸಿಕ್ಕಿದ್ದು ಗೆನಿಜಾದಲ್ಲಿ. ದೇವರ ಹೆಸರಿರುವ ಬರಹವನ್ನು ಯಹೂದಿಗಳು ಕಸಕ್ಕೆ ಹಾಕುವುದಿಲ್ಲ, ಒಂದು ಕೋಣೆಯಲ್ಲಿ ತೆಗೆದಿಡುತ್ತಾರೆ. ಆ ಕೋಣೆಯೇ ಗೆನಿಜಾ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮಗೆ ಇದನ್ನು ವಿವರಿಸಬೇಕಿಲ್ಲ. ಹಳೆ ಕೈರೋದ ಬೆನ್ ಎಜ್ರಾ ಸಿನಗಾಗಿನಲ್ಲಿ (ಯಹೂದಿ ಪ್ರಾರ್ಥನಾ ಮಂದಿರ) ದೇವರ ಹೆಸರಿಲ್ಲದ ಲೆಕ್ಕದ ಚೀಟಿ, ಪತ್ರಗಳೂ ಹಾಗೆಯೇ ಉಳಿದವು. ಪಂಡಿತ ಸಾಲೊಮನ್ ಶೆಕ್ಟರ್ 1896-97ರಲ್ಲಿ ಅಲ್ಲಿಂದ ಕೇಂಬ್ರಿಜ್‌ಗೆ ತಂದ ತುಣುಕುಗಳೇ ಸುಮಾರು 1,93,000.

ನಾನು ಮಂಗಳೂರಿನವಳು. ಈ ತರಗತಿಯಲ್ಲಿ ಒಂದು ದಿನ ನನ್ನ ಊರಿನ ಹೆಸರು ಬಂತು. ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಷಿಯಾ ಕಡೆಯ ಯಹೂದಿ ವ್ಯಾಪಾರಿ 1130ರ ದಶಕದಲ್ಲಿ ಮಂಗಳೂರಿನಲ್ಲಿದ್ದ. ಹಿತ್ತಾಳೆ ಪಾತ್ರೆ ಮಾಡುವ ಕಾರ್ಖಾನೆ ನಡೆಸುತ್ತಿದ್ದ. ಅಡಿಕೆ, ಕಾಳುಮೆಣಸು, ಕಬ್ಬಿಣ ಯೆಮೆನಿನ ಬಂದರು ಏಡನ್‌ಗೆ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಕಾಗದ ಬರುತ್ತಿತ್ತು. ಆಶು ಎಂಬ ದಾಸಿಯನ್ನು 1132ರಲ್ಲಿ ಅವನು ಬಿಡುಗಡೆ ಮಾಡಿದ ಪತ್ರ ಇಂದಿಗೂ ಇದೆ. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಆಳಿನ ಹೆಸರು ಬೊಮ್ಮ. ಬೊಮ್ಮ! ತರಗತಿಯಲ್ಲಿ ಆ ಹೆಸರನ್ನು ಸರಿಯಾಗಿ ಉಚ್ಚರಿಸಿದವಳು ನಾನೊಬ್ಬಳೇ. ಅವತ್ತು ರಾತ್ರಿಯೇ ಅಮ್ಮನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ.

ಇಷ್ಟಾದರೂ ನನಗೆ ಒಂದು ಕೊರತೆ ಕಾಡಿತು. ಆ ಪತ್ರಗಳಲ್ಲಿ ಹೆಚ್ಚಿನವು ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ. ನನಗೆ ಲಿಪಿ ಗೊತ್ತಿತ್ತು, ಅರಬ್ಬಿ ಗೊತ್ತಿರಲಿಲ್ಲ. ಪಕ್ಕದಲ್ಲಿ ಅನುವಾದ ಇಟ್ಟುಕೊಳ್ಳದೆ ಒಂದು ಸಾಲೂ ದಾಟಲು ಆಗುತ್ತಿರಲಿಲ್ಲ.

ತಾಲ್ಮುಡ್ ತರಗತಿಗೆ ನಾನು ಹೋದದ್ದು ಸಮಯ ಹೊಂದುತ್ತದೆ ಅಂತ ಮಾತ್ರ. ಮೊದಲ ತಿಂಗಳು ತುಂಬಾ ಕಷ್ಟ. ಪುಟದ ನಡುವೆ ಮೂಲ, ಒಂದು ಪಕ್ಕ 11ನೇ ಶತಮಾನದ ಪಂಡಿತ ರಾಶಿಯ ಟೀಕೆ, ಇನ್ನೊಂದು ಪಕ್ಕ ಅವನ ನಂತರದವರ ತಕರಾರು. ಸ್ವರಚಿಹ್ನೆ ಇಲ್ಲ, ಪೂರ್ಣವಿರಾಮವಿಲ್ಲ. ಕಾಗುಣಿತ ಬಿಟ್ಟು ಬರೀ ವ್ಯಂಜನದಲ್ಲಿ ಕನ್ನಡ ಓದಿದ ಹಾಗೆ. ಹೀಬ್ರೂ ಜೊತೆ ಅರಮಾಯಿಕ್ ಎಂಬ ಹಳೆಯ ಭಾಷೆ ಬೇರೆ. ಓದುವುದು ಜೋಡಿಯಾಗಿ, ಗಟ್ಟಿಯಾಗಿ, ವಾದ ಮಾಡುತ್ತಾ. ಇದಕ್ಕೆ ಹವ್ರುತಾ ಅನ್ನುತ್ತಾರೆ.

ನಾವು ಹಿಡಿದದ್ದು 'ಬಾವಾ ಮೆಟ್ಸಿಯಾ' ಭಾಗದ ಶುರು. ಇಬ್ಬರು ಒಂದೇ ಬಟ್ಟೆಯನ್ನು ಹಿಡಿದು ನಿಂತಿದ್ದಾರೆ. ಇಬ್ಬರೂ 'ಪೂರ್ತಿ ನನ್ನದು' ಅನ್ನುತ್ತಾರೆ. ತನ್ನ ಪಾಲು ಅರ್ಧಕ್ಕಿಂತ ಕಡಿಮೆಯಿಲ್ಲ ಅಂತ ಇಬ್ಬರೂ ಆಣೆ ಮಾಡಿ ಹಂಚಿಕೊಳ್ಳಬೇಕು. ಸರಿ. ಆದರೆ ಒಬ್ಬ 'ಪೂರ್ತಿ ನನ್ನದು', ಇನ್ನೊಬ್ಬ 'ಅರ್ಧ ನನ್ನದು' ಅಂದರೆ? ಮೊದಲನೆಯವನಿಗೆ ಮುಕ್ಕಾಲು, ಎರಡನೆಯವನಿಗೆ ಕಾಲು. ಯಾಕಂದರೆ ಒಂದು ಅರ್ಧದ ಬಗ್ಗೆ ಜಗಳವೇ ಇಲ್ಲ, ಉಳಿದ ಅರ್ಧವನ್ನಷ್ಟೇ ಹಂಚಬೇಕು. ಈ ನಾಲ್ಕು ಸಾಲಿನ ಮೇಲೆ ನಾವು ಮೂರು ವಾರ ಕೂತೆವು. ಈ ಸಾಲುಗಳಿರುವ ಮೂಲ ನಿಯಮಸಂಗ್ರಹ ಮಿಶ್ನಾ ಸಿದ್ಧವಾದದ್ದು ಸುಮಾರು ಕ್ರಿ.ಶ. 200ರಲ್ಲಿ, ಅದರ ಮೇಲಿನ ಚರ್ಚೆ ಬ್ಯಾಬಿಲೋನಿನಲ್ಲಿ ಮುಂದಿನ ಮೂರ್ನಾಲ್ಕು ಶತಮಾನ ಬೆಳೆಯಿತು. ಯಾವ ಮಾತು ಯಾವ ಕಾಲದ ಪದರ, 1342ರ ಮ್ಯೂನಿಕ್ ಹಸ್ತಪ್ರತಿಯಲ್ಲಿ ಸಾಲು ಹೇಗಿದೆ ಅಂತ ವಿಶ್ವವಿದ್ಯಾಲಯದಲ್ಲಿ ಹುಡುಕುತ್ತಾರೆ. ಧರ್ಮಶ್ರದ್ಧೆಯಿಂದ ಓದುವವರಿಗೆ ಇದು ಇಂದಿಗೂ ದಿನದ ಓದು: ದಿನಕ್ಕೊಂದು ಹಾಳೆಯಂತೆ 2,711 ಹಾಳೆ, ಏಳೂವರೆ ವರ್ಷ. 1923ರಲ್ಲಿ ಶುರುವಾದ ಈ ಕ್ರಮ ಇನ್ನೂ ನಡೆಯುತ್ತಿದೆ.

ವರ್ಷದ ಕೊನೆಗೆ ನಿಘಂಟು ಹಿಡಿದು ತಾಲ್ಮುಡ್‌ನ ಒಂದು ಪುಟವನ್ನು ನಾನೇ ಬಿಡಿಸಬಲ್ಲವಳಾದೆ. ಉಳಿದೆರಡು ತರಗತಿಗಳಲ್ಲಿ ಬೇರೆಯವರು ಓದಿದ್ದನ್ನು ನಾನು ಓದಿದೆ, ಇಲ್ಲಿ ಮೂಲವನ್ನೇ ಓದಿದೆ. ಅದಕ್ಕೇ ಒಂದನ್ನೇ ಆರಿಸಬೇಕೆಂದರೆ ತಾಲ್ಮುಡ್ ಅನ್ನುತ್ತೇನೆ, ಮನಸ್ಸು ಗೆನಿಜಾ ಕಡೆ ಎಳೆದರೂ. ಇತಿಹಾಸದ ಚೌಕಟ್ಟನ್ನು ರಜೆಯಲ್ಲಿ ಒಂದು ಒಳ್ಳೆಯ ಪುಸ್ತಕದಿಂದ ಕಟ್ಟಿಕೊಳ್ಳಬಹುದು. ಹೀಬ್ರೂವಿನ 22 ಅಕ್ಷರಗಳನ್ನು ಮಾತ್ರ ತರಗತಿ ಶುರುವಾಗುವ ಮೊದಲೇ ಕಲಿತು ಹೋಗಿ, ಎರಡು ವಾರ ಸಾಕು.

ನಾನೀಗ ಅರಬ್ಬಿ ಕಲಿಯುತ್ತಿದ್ದೇನೆ. ಏಡನ್ನಿನಿಂದ ಮಂಗಳೂರಿಗೆ ಬಂದ ಒಂದು ಪತ್ರದ ಮೊದಲ ಐದು ಸಾಲು ಹೋದ ತಿಂಗಳು ಅನುವಾದ ನೋಡದೆ ಓದಿದೆ.