ದೀಪ ಉರಿಯುತ್ತಲೇ ಇತ್ತು, ನೀರು ಮತ್ತೆ ಹಸಿರಾಯಿತು: ಹಿತ್ತಲ ಕೊಳದ ಯುವಿ ಫಿಲ್ಟರ್ ಬಗ್ಗೆ

ಮನೆಯ ಕೊಳಕ್ಕೆ ಯುವಿ ಫಿಲ್ಟರ್, ಅಂದರೆ ಅತಿನೇರಳೆ ಕಿರಣದಿಂದ ನೀರನ್ನು ತಿಳಿ ಮಾಡುವ ಫಿಲ್ಟರ್, ಕೊಳ್ಳಬಹುದಾ ಅಂತ ಯಾರಾದರೂ ಕೇಳಿದರೆ ಕೊಳ್ಳಿ ಎನ್ನುತ್ತೇನೆ. ಆದರೆ ಅದೇ ದಿನ ಅದರ ಒಳಗಿನ ಟ್ಯೂಬ್ ಇನ್ನೊಂದನ್ನೂ ತಂದು ಬೀರುವಿನಲ್ಲಿಡಿ. ಯಾಕೆ ಅನ್ನುವುದನ್ನು ಅಂಗಡಿಯವರು ನನಗೆ ಹೇಳಲಿಲ್ಲ. ಡಬ್ಬದ ಮೇಲೂ ಬರೆದಿರಲಿಲ್ಲ. ಒಂದೂವರೆ ವರ್ಷ ಕಳೆದ ಮೇಲೆ ನನಗೇ ಗೊತ್ತಾಯಿತು.

ನಾನು ಮೈಸೂರಿನ ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಲ್ಲಿ 31 ವರ್ಷ ಫಿಟ್ಟರ್ ಆಗಿದ್ದವನು. ನಿವೃತ್ತಿಯಾದ ಮೇಲೆ ಶ್ರೀರಾಂಪುರದ ನಮ್ಮ ಮನೆಯ ಹಿತ್ತಲಿನಲ್ಲಿ, ಹೊಂಗೆ ಮರದ ಪಕ್ಕ, ಮೊಮ್ಮಗಳಿಗೋಸ್ಕರ ಒಂದು ಕೊಳ ಕಟ್ಟಿದೆ. 10 ಅಡಿ ಉದ್ದ, 6 ಅಡಿ ಅಗಲ, ಎರಡೂವರೆ ಅಡಿ ಆಳ. 150 ಘನ ಅಡಿ, ಅಂದರೆ ಸುಮಾರು 4,200 ಲೀಟರ್ ನೀರು. ಈ ಲೆಕ್ಕ ನಿಮಗೂ ಬೇಕಾಗುತ್ತದೆ, ಯಾಕೆಂದರೆ ಪಂಪು, ಫಿಲ್ಟರ್ ಎಲ್ಲವನ್ನೂ ಲೀಟರಿನ ಮೇಲೆ ಕೊಳ್ಳಬೇಕು. ಎರಡು ನೈದಿಲೆ ಕುಂಡ, ಹದಿನಾಲ್ಕು ಗೋಲ್ಡ್ ಫಿಶ್, ಸೊಳ್ಳೆ ಮರಿ ತಿನ್ನಲಿ ಅಂತ ಒಂದು ಹಿಡಿ ಗಪ್ಪಿ ಮೀನು.

ಮೊದಲ ಬೇಸಿಗೆಯಲ್ಲೇ ನೀರು ಹೆಸರುಬೇಳೆ ಕಟ್ಟಿನ ಹಾಗೆ ಮಂದವಾಗಿ, ಆಮೇಲೆ ಪೂರ್ತಿ ಹಸಿರಾಗಿ ನಿಂತಿತು. ಮೀನು ಇವೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಮೈಸೂರಿನವರಿಗೆ ಈ ಬಣ್ಣ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಗೆ ಚರಂಡಿ ನೀರು ಸೇರಿ ಸೇರಿ ಹಾವಸೆ ಕಟ್ಟಿದ್ದನ್ನು ನಾವೆಲ್ಲ ವಾಕಿಂಗ್ ಹೋದಾಗ ನೋಡಿದವರೇ. ಕೆರೆಯಾದರೇನು, ಹಿತ್ತಲ ಗುಂಡಿಯಾದರೇನು, ಬಿಸಿಲು ಬಿದ್ದು, ನೀರಿನಲ್ಲಿ ಸಾರಜನಕ ಮತ್ತು ರಂಜಕ ಹೆಚ್ಚಾದರೆ ಪಾಚಿ ಬೆಳೆಯುತ್ತದೆ. ಕೆರೆಗೆ ಅದು ಚರಂಡಿಯಿಂದ ಬರುತ್ತದೆ. ನಮ್ಮ ಕೊಳಕ್ಕೆ ಎಲ್ಲಿಂದ ಬರುತ್ತಿತ್ತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಆಗ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯಲೇಬೇಕು. ನನ್ನ ಷಡ್ಡಕ ಪಾಂಡವಪುರದ ಕಡೆಯ ರೈತ. ಕೊಳ ನೋಡಿ, "ಭಾವ, ಗದ್ದೇಲಿ ಪಾಚಿ ಕಟ್ಕಂಡ್ರೆ ಮೈಲುತುತ್ತನ ಬಟ್ಟೇಲಿ ಗಂಟು ಕಟ್ಟಿ ನೀರು ಬರೋ ಕಡೆ ಇಡ್ತೀವಿ. ಎರಡೇ ದಿನ, ಹೊಂಟೋಯ್ತದೆ" ಅಂದ. ಅವನು ಹೇಳಿದ್ದು ಭತ್ತದ ಗದ್ದೆಗೆ ಸರಿಯೇ. ಗದ್ದೆಯಲ್ಲಿ ಗೋಲ್ಡ್ ಫಿಶ್ ಇರುವುದಿಲ್ಲ ಎಂದು ಯೋಚಿಸಬೇಕಾದವನು ನಾನು. ಗಂಟು ಕಟ್ಟಿ ಇಳಿಬಿಟ್ಟೆ. ಮೂರನೆಯ ದಿನ ನೀರು ಕಂದಾಗಿತ್ತು. ನಾಲ್ಕನೆಯ ದಿನ ಬೆಳಗಿನ ಜಾವ ಐದೂವರೆಗೆ ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಏಳು ಸತ್ತವು. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ತಾಮ್ರ ಮೀನಿಗೆ ವಿಷ, ನೀರು ಮೆದುವಾಗಿದ್ದಷ್ಟೂ, ಅಂದರೆ ಅದರಲ್ಲಿ ಸುಣ್ಣದಂಶ ಕಡಿಮೆ ಇದ್ದಷ್ಟೂ, ಆ ವಿಷ ಹೆಚ್ಚು. ಅದರ ಜೊತೆಗೆ, ಅಷ್ಟೂ ಪಾಚಿ ಒಟ್ಟಿಗೆ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ರಾತ್ರಿ ಹೊತ್ತು ಗಿಡಗಳೂ ಆಮ್ಲಜನಕ ಕೊಡುವುದಿಲ್ಲ, ಬಳಸುತ್ತವೆ. ಹಾಗಾಗಿ ಹೊತ್ತು ಮೂಡುವ ಮುಂಚಿನ ಗಳಿಗೆಯೇ ಮೀನಿಗೆ ಅತಿ ಕಷ್ಟದ ಗಳಿಗೆ. ಮೊಮ್ಮಗಳು ಏಳುವ ಮೊದಲೇ ಏಳನ್ನೂ ಹೊಂಗೆ ಬುಡದಲ್ಲಿ ಹೂತೆ. "ತಾತ, ಕಿತ್ತಳೆ ಬಣ್ಣದ್ದು ಎಲ್ಲಿ?" ಅಂತ ಅವಳು ಕೇಳಿದ ಆ ಬೆಳಿಗ್ಗೆ ಇವತ್ತಿಗೂ ಮರೆತಿಲ್ಲ. ಮೀನಿರುವ ಕೊಳಕ್ಕೆ ದಯವಿಟ್ಟು ಮೈಲುತುತ್ತ ಹಾಕಬೇಡಿ.

ಇದಾದ ಮೇಲೆ, 2022ರ ಆಯುಧಪೂಜೆಯ ಹೊತ್ತಿಗೆ, ಈ ಫಿಲ್ಟರ್ ತಂದೆ. ಒಂದು ಮುಚ್ಚಿದ ಡ್ರಮ್ಮು, ಒಳಗೆ ಮೂರು ಪದರ ಸ್ಪಂಜು, ಪ್ಲಾಸ್ಟಿಕ್ ಉಂಡೆಗಳು, ನಡುವೆ 18 ವ್ಯಾಟಿನ ಯುವಿ ಟ್ಯೂಬ್. ಜೊತೆಗೆ 40 ವ್ಯಾಟಿನ ನೀರೊಳಗಿನ ಪಂಪು. ಎರಡೂ ಸೇರಿ ನನಗೆ 7,200 ರೂಪಾಯಿ ಬಿತ್ತು. ಇದೇ ನಮೂನೆಯ ಡಬ್ಬ ನಾಲ್ಕಾರು ಹೆಸರಿನಲ್ಲಿ ಸಿಗುತ್ತದೆ, ಆದ್ದರಿಂದ ಕಂಪನಿಯ ಹೆಸರು ಬರೆಯುತ್ತಿಲ್ಲ. ಪಂಪಿಗೂ ಡ್ರಮ್ಮಿಗೂ ಕುಂಕುಮ ಇಟ್ಟು, ಹೂವು ಏರಿಸಿ, ಸ್ವಿಚ್ ಹಾಕಿದೆವು.

ಒಂದು ಸ್ಟೀಲ್ ತಟ್ಟೆಗೆ ದಾರ ಕಟ್ಟಿ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಕೊಳಕ್ಕೆ ಇಳಿಸಿ ನೋಡುತ್ತಿದ್ದೆ. ಮೊದಲ ದಿನ ಅರ್ಧ ಅಡಿಗೆ ತಟ್ಟೆ ಮಾಯ. ನಾಲ್ಕನೆಯ ದಿನ ಒಂದಡಿ. ಒಂಬತ್ತನೆಯ ದಿನ ತಟ್ಟೆ ನೆಲ ಮುಟ್ಟಿದರೂ ಅದರ ಅಂಚಿನ ಗೆರೆ ಕಾಣುತ್ತಿತ್ತು. ಒಂದು ಚಮಚ ಔಷಧಿ ಹಾಕಿಲ್ಲ, ಒಂದು ಮೀನಿಗೂ ತೊಂದರೆಯಾಗಿಲ್ಲ. ಈ ಒಂದು ಕೆಲಸಕ್ಕೆ ಫಿಲ್ಟರಿಗೆ ಪೂರ್ತಿ ಅಂಕ ಕೊಡುತ್ತೇನೆ.

ಅದು ಕೆಲಸ ಮಾಡುವ ರೀತಿ ಸರಳ. ನೀರನ್ನು ಹಸಿರು ಮಾಡುವುದು ಕಣ್ಣಿಗೆ ಬಿಡಿಯಾಗಿ ಕಾಣದ, ತೇಲುವ ಪಾಚಿ. ಪಂಪಿನ ನೀರು ಟ್ಯೂಬಿನ ಪಕ್ಕದಲ್ಲಿ ಹಾದು ಹೋಗುವಾಗ 254 ನ್ಯಾನೋಮೀಟರ್ ಅಲೆಯುದ್ದದ ಕಿರಣ ಆ ಪಾಚಿಯ ಡಿಎನ್‌ಎಯನ್ನು ಕೆಡಿಸುತ್ತದೆ. ಮುಂದೆ ಅದು ಮರಿ ಹಾಕಲಾರದು. ಸತ್ತದ್ದು ಗುಪ್ಪೆಯಾಗಿ ಸ್ಪಂಜಿಗೆ ಸಿಕ್ಕಿಕೊಳ್ಳುತ್ತದೆ. ನೀರು ನಿಧಾನವಾಗಿ ಹರಿದಷ್ಟೂ ಕಿರಣ ಹೆಚ್ಚು ತಾಗುತ್ತದೆ. ಹಾಗಾಗಿ "ಪಂಪು ದೊಡ್ಡದಿದ್ದಷ್ಟೂ ಒಳ್ಳೆಯದು" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಅದು ಮಾಡಲಾರದ ಕೆಲಸವೂ ಇದೆ. ಗೋಡೆಗೆ, ನೈದಿಲೆಯ ದಂಟಿಗೆ ಅಂಟಿಕೊಂಡು ಕೂದಲಿನ ಹಾಗೆ ಉದ್ದುದ್ದ ಬೆಳೆಯುವ ನೂಲು ಪಾಚಿ ಪಂಪಿನೊಳಗೆ ಹೋಗುವುದೇ ಇಲ್ಲ, ಕಿರಣ ಅದಕ್ಕೆ ತಾಗುವುದೂ ಇಲ್ಲ. ನೀರು ತಿಳಿಯಾಗಿ ಬಿಸಿಲು ತಳ ಮುಟ್ಟಿದ ಮೇಲೆ ನಮ್ಮಲ್ಲಿ ಅದು ಜಾಸ್ತಿಯೇ ಆಯಿತು. ಒಂದು ಒರಟು ಬಿದಿರು ಕೋಲನ್ನು ಅದರೊಳಗೆ ಇಟ್ಟು ತಿರುಗಿಸಿದರೆ ನೂಲು ಸುತ್ತಿದ ಹಾಗೆ ಸುತ್ತಿಕೊಂಡು ಬರುತ್ತದೆ. ವಾರಕ್ಕೊಮ್ಮೆ ಅರ್ಧ ಬಕೆಟ್ ತೆಗೆದು ಕರಿಬೇವಿನ ಗಿಡದ ಬುಡಕ್ಕೆ ಹಾಕುತ್ತೇನೆ. ಗಿಡ ಚೆನ್ನಾಗಿ ಬಂದಿದೆ.

ಇನ್ನು ಮುಖ್ಯ ವಿಷಯ. 2024ರ ಶಿವರಾತ್ರಿ ಕಳೆಯಿತು, ಚಳಿ ಶಿವಶಿವ ಅಂತ ಹೋಯಿತು, ಬಿಸಿಲು ಏರಿತು. ಎರಡೇ ವಾರದಲ್ಲಿ ನೀರು ಮತ್ತೆ ಹಸಿರು. ಫಿಲ್ಟರಿನ ಕಿಟಕಿಯಲ್ಲಿ ನೋಡಿದರೆ ನೀಲಿ ಬೆಳಕು ಮೊದಲಿನ ಹಾಗೇ ಇದೆ. ಸ್ಪಂಜು ತೊಳೆದೆ, ಪಂಪು ಬಿಚ್ಚಿ ಇಂಪೆಲ್ಲರ್ ಒರೆಸಿದೆ, ಪೈಪು ಊದಿದೆ. ಏನೂ ಬದಲಾಗಲಿಲ್ಲ. ಕೊಂಡ ಅಂಗಡಿಗೆ ಫೋನ್ ಮಾಡಿದರೆ "ಲೈಟ್ ಬರ್ತಾ ಇದೆಯಲ್ಲ ಸಾರ್, ಹಾಗಾದ್ರೆ ಫಿಲ್ಟರ್ ಸರಿಯಿದೆ, ನೀರೇ ಸರಿಯಿಲ್ಲ" ಅಂದರು.

ಸರಿಯಿರಲಿಲ್ಲ. ನಮ್ಮ ಕಣ್ಣಿಗೆ ಕಾಣುವ ನೀಲಿ ಬೆಳಕು ಬೇರೆ, ಪಾಚಿ ಕೊಲ್ಲುವ ಕಿರಣ ಬೇರೆ. ಕೊಲ್ಲುವ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ. ಇಂಥ ಟ್ಯೂಬುಗಳ ಕೆಲಸದ ಆಯುಷ್ಯ ಸಾಮಾನ್ಯವಾಗಿ 8,000ದಿಂದ 9,000 ಗಂಟೆ. ಆಮೇಲೆ ದೀಪ ಉರಿಯುತ್ತದೆ, ಕಿರಣ ಕುಗ್ಗಿರುತ್ತದೆ. ವರ್ಷಕ್ಕೆ 8,760 ಗಂಟೆ. ಹಗಲೂ ರಾತ್ರಿ ಉರಿಸುವ ನನ್ನಂಥವರಿಗೆ ಟ್ಯೂಬಿನ ಆಯುಷ್ಯ ಒಂದೇ ವರ್ಷ. ನನ್ನದು 12,000 ಗಂಟೆ ದಾಟಿತ್ತು. ಇಷ್ಟು ಮಾತನ್ನು ಡಬ್ಬದ ಮೇಲೆ ಒಂದು ಸಾಲಿನಲ್ಲಿ ಅಚ್ಚು ಹಾಕಲು ಆ ಕಂಪನಿಗೆ ಎಷ್ಟು ಖರ್ಚಾಗುತ್ತಿತ್ತು? ವರ್ಕ್‌ಶಾಪಿನಲ್ಲಿ ಬದಲಿಸಬೇಕಾದ ಪ್ರತಿ ಭಾಗಕ್ಕೂ ತಾರೀಖು ಬರೆದ ಚೀಟಿ ಇರುತ್ತಿತ್ತು. ಹಣ ಕೊಟ್ಟು ಕೊಂಡವನಿಗೆ ಇದನ್ನು ಹೇಳದಿರುವುದು ಅನ್ಯಾಯ, ಒಂದು ಅಂಕ ಕಡಿಮೆ ಮಾಡಿದ್ದು ಇದಕ್ಕೇ.

ಟ್ಯೂಬ್ ಬಿಚ್ಚಿದಾಗ ಇನ್ನೊಂದು ಕಾರಣವೂ ಸಿಕ್ಕಿತು. ಟ್ಯೂಬಿಗೆ ನೀರು ತಾಗದ ಹಾಗೆ ಅದರ ಸುತ್ತ ಕ್ವಾರ್ಟ್ಜ್ ಕೊಳವೆ ಇರುತ್ತದೆ. ಮಾಮೂಲಿ ಗಾಜು ಈ ಕಿರಣವನ್ನು ತಡೆದುಬಿಡುತ್ತದೆ, ಕ್ವಾರ್ಟ್ಜ್ ಬಿಟ್ಟುಕೊಡುತ್ತದೆ. ಆ ಕೊಳವೆಯ ಮೇಲೆ ಹಂಡೆಯ ಒಳಗೆ ಕಟ್ಟುವಂಥ ಬಿಳಿ ಪೊರೆ. 2023ರಲ್ಲಿ ಮಳೆ ಕೈಕೊಟ್ಟು ಆ ಬೇಸಿಗೆ ನೀರಿಗೆ ತತ್ವಾರವಾಗಿತ್ತು. ಕುಡಿಯುವ ಕಾವೇರಿ ನೀರನ್ನು ಕೊಳಕ್ಕೆ ಬಿಡಲು ಮನಸ್ಸು ಬರದೆ ಬೋರ್ ನೀರು ತುಂಬಿಸುತ್ತಿದ್ದೆ. ಅದರ ಸುಣ್ಣವೇ ಇದು. ವಿನೆಗರಿನಲ್ಲಿ ನೆನೆಸಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟು ಒರೆಸಿದರೆ ಪೊರೆ ಬಿಡುತ್ತದೆ. ಈಗ ಎರಡು ತಿಂಗಳಿಗೊಮ್ಮೆ ತಪ್ಪದೆ ಮಾಡುತ್ತೇನೆ. ಬಿಚ್ಚುವ ಮೊದಲು ಪ್ಲಗ್ಗನ್ನೇ ಕಿತ್ತಿಡಿ. ಉರಿಯುವ ಟ್ಯೂಬನ್ನು ಬರಿಗಣ್ಣಿನಲ್ಲಿ ನೋಡಬಾರದು, ಕಣ್ಣು ಕೆಡುತ್ತದೆ. ಒಳಗೆ ಪಾದರಸ ಇರುವುದರಿಂದ ಹಳೆಯದನ್ನು ಒಡೆದು ಕಸಕ್ಕೆ ಹಾಕಬೇಡಿ. ಹೊಸ ಟ್ಯೂಬಿಗೆ 850 ರೂಪಾಯಿ ಕೊಟ್ಟೆ. ಎಂಟನೆಯ ದಿನಕ್ಕೆ ತಟ್ಟೆ ಮತ್ತೆ ತಳದಲ್ಲಿ ಕಂಡಿತು.

ಸ್ಪಂಜಿನ ಬಗ್ಗೆಯೂ ಒಂದು ಮಾತು. ಅದನ್ನು ಒಮ್ಮೆ ನಲ್ಲಿ ಕೆಳಗೆ ಬೆಳ್ಳಗಾಗುವ ತನಕ ತಿಕ್ಕಿ ತೊಳೆದೆ. ವಾರದೊಳಗೆ ಮೀನುಗಳು ಮಂಕಾದವು. ಹನಿ ಹಾಕಿ ನೋಡುವ ಕಿಟ್ಟಿನಲ್ಲಿ ಅಮೋನಿಯಾ ಏರಿತ್ತು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ವಾಸಿಸುವುದು ಆ ಸ್ಪಂಜಿನಲ್ಲೇ. ನಲ್ಲಿ ನೀರಿನ ಕ್ಲೋರಿನ್ ಅವನ್ನು ಕೊಲ್ಲುತ್ತದೆ. ಈಗ ಕೊಳದ ನೀರನ್ನೇ ಬಕೆಟ್ಟಿಗೆ ತೆಗೆದುಕೊಂಡು ಅದರಲ್ಲಿ ಎರಡು ಸಲ ಹಿಂಡುತ್ತೇನೆ, ಅಷ್ಟೇ. ಕರೆಂಟು ನಾಲ್ಕೈದು ಗಂಟೆ ಹೋಗಿ ಬಂದರೆ ಡ್ರಮ್ಮಿನೊಳಗೆ ನಿಂತು ಕೆಟ್ಟ ನೀರನ್ನು ಮೊದಲು ಗಿಡಕ್ಕೆ ಚೆಲ್ಲಿ ಆಮೇಲೆ ಪಂಪು ಹಾಕುತ್ತೇನೆ.

ಫಿಲ್ಟರಿನ ಜೊತೆ ಕೊಟ್ಟ ವೈರು ಮೂರೇ ಮೀಟರ್, ಅದು ಎಲ್ಲಿಗೂ ಸಾಲದು. ಗಂಟು ಹಾಕಿ ಟೇಪು ಸುತ್ತಿ ಉದ್ದ ಮಾಡಬೇಡಿ. ಎಲೆಕ್ಟ್ರಿಷಿಯನ್ ಕರೆಸಿ, ಮಳೆ ತಾಗದ ಪೆಟ್ಟಿಗೆ ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್) ಹಾಕಿಸಿ. ಮಗು ಕೈ ಹಾಕುವ ನೀರು ಅದು.

ಈಗ ನಮ್ಮ ಕೊಳದ ಚರಂಡಿ ಯಾವುದು ಅನ್ನುವುದಕ್ಕೆ ಬರುತ್ತೇನೆ. ಕಡಲೆಪುರಿ! ಕಲ್ಯಾಣಿ ಕಂಡಲ್ಲೆಲ್ಲ ಮೀನಿಗೆ ಪುರಿ ಎಸೆದು ಬೆಳೆದವರು ನಾವು. ಮೊಮ್ಮಗಳು ಬೆಳಿಗ್ಗೆ ಒಂದು ಬೊಗಸೆ, ನನ್ನಾಕೆ ಸಂಜೆ ಒಂದು ಬೊಗಸೆ. ಮೀನು ತಿಂದು ಉಳಿದದ್ದು ತಳದಲ್ಲಿ ಕೊಳೆತು ಪಾಚಿಗೆ ಗೊಬ್ಬರ. ಅದರ ಮೇಲೆ ಹೊಂಗೆಯ ಎಲೆ, ಬೇಸಿಗೆಯಲ್ಲಿ ಚಾಪೆ ಹಾಸಿದ ಹಾಗೆ ಉದುರುವ ಅದರ ಹೂವು. ಪುರಿ ನಿಲ್ಲಿಸಿ, ಎರಡು ನಿಮಿಷದಲ್ಲಿ ಮುಗಿಯುವಷ್ಟು ಮೀನಿನ ಕಾಳು ದಿನಕ್ಕೊಂದು ಸಲ ಅಂತ ಮಾಡಿದೆವು. ಮನೆಯಲ್ಲಿ ಒಂದು ವಾರ ಇದಕ್ಕೇ ಮಾತು ನಡೆಯಿತು. ಹೂವು ಉದುರುವ ಕಾಲದಲ್ಲಿ ಕೊಳದ ಮೇಲೆ ಬಲೆ ಕಟ್ಟುತ್ತೇನೆ. ನೈದಿಲೆ ಕುಂಡ ಎರಡಿದ್ದದ್ದು ನಾಲ್ಕಾಗಿದೆ, ನೀರಿನ ಮೇಲ್ಮೈಯಲ್ಲಿ ಅರ್ಧದಷ್ಟು ಎಲೆಯ ನೆರಳಿದೆ. ಅಂತರಗಂಗೆಯನ್ನು ಒಂದು ಮೂಲೆಯಲ್ಲಿ ಬಿಟ್ಟಿದ್ದೇನೆ. ಅದು ನೀರಿನ ಸಾರ ಹೀರುತ್ತದೆ, ಆದರೆ ವಾರ ವಾರ ತೆಗೆಯದಿದ್ದರೆ ಕೊಳವನ್ನೇ ಮುಚ್ಚುತ್ತದೆ. ತೆಗೆದದ್ದನ್ನು ಕಾಂಪೋಸ್ಟಿಗೆ ಹಾಕಿ, ಕೆರೆಗೋ ನಾಲೆಗೋ ಮಾತ್ರ ಎಸೆಯಬೇಡಿ.

ಈ ಬದಲಾವಣೆಗಳಾದ ಮೇಲೆ ಒಂದು ಪರೀಕ್ಷೆ ಮಾಡಿದೆ. 2024ರ ನವೆಂಬರಿನಲ್ಲಿ ಹತ್ತು ದಿನ ಪಂಪು ಓಡಲು ಬಿಟ್ಟು ಯುವಿ ಒಂದನ್ನೇ ಆರಿಸಿದೆ. ನೀರು ಸ್ವಲ್ಪವೇ ಮಬ್ಬಾಯಿತು, ಹಸಿರಾಗಲಿಲ್ಲ. ಚಳಿಗಾಲದಲ್ಲಿ ಅದನ್ನು ಆರಿಸಿಡಬಹುದೇನೋ ಅನ್ನಿಸಿತು. ಮಾರ್ಚಿನ ಬಿಸಿಲಿಗೆ ಮಾತ್ರ ನನಗೆ ಆ ಧೈರ್ಯವಿಲ್ಲ.

ಪಂಪು, ಯುವಿ ಎರಡೂ ಸೇರಿ 58 ವ್ಯಾಟ್, ತಿಂಗಳಿಗೆ ಸುಮಾರು 42 ಯೂನಿಟ್. ಇದನ್ನೂ ಲೆಕ್ಕಕ್ಕೆ ಹಿಡಿದು ಕೊಳ್ಳಿ. ಮೀನಿಲ್ಲದ, ಬರೀ ನೈದಿಲೆ ಬೆಳೆಸುವ ಕಲ್ಲುಬಾನಿಗೆ ಇದು ಬೇಡವೇ ಬೇಡ. ಮೀನು ಸಾಕುವವರು, ಬಿಸಿಲು ಬೀಳುವ ಕೊಳ ಇರುವವರು ತನ್ನಿ. ನಾನು 5ಕ್ಕೆ 4 ಕೊಡುತ್ತೇನೆ.

ಟ್ಯೂಬ್ ಬದಲಿಸುವುದನ್ನು ಈಗ ಶಿವರಾತ್ರಿಗೆ ಇಟ್ಟುಕೊಂಡಿದ್ದೇನೆ, ಬಿಸಿಲು ಏರುವ ಮೊದಲೇ ಆಗಲಿ ಅಂತ. ಡ್ರಮ್ಮಿನ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ತಾರೀಖು ಬರೆಯುವುದು ಮೊಮ್ಮಗಳ ಕೆಲಸ. ಹೋದ ಸಲ ಅವಳು ತಾರೀಖಿನ ಪಕ್ಕದಲ್ಲಿ ಕಿತ್ತಳೆ ಬಣ್ಣದ ಒಂದು ಮೀನನ್ನೂ ಬಿಡಿಸಿದ್ದಾಳೆ.