1909 ಸೇವೆ: ಬೇಡದ ಸಂದೇಶಗಳಿಗೆ ಹಾಕಿದ ಬೀಗ ಎಷ್ಟು ಗಟ್ಟಿ?

ನನ್ನ ಫೋನು ದಿನವೂ ಬೆಳಿಗ್ಗೆ ಹತ್ತು ಹೊಡೆಯುತ್ತಿದ್ದಂತೆ ಟಿಂಗ್ ಎನ್ನಲು ತೊಡಗುತ್ತಿತ್ತು. ಮೊದಲು ಸೀರೆ ಅಂಗಡಿಯ ಆಷಾಢದ ರಿಯಾಯಿತಿ, ಅದರ ಬೆನ್ನಿಗೇ ದಾಖಲೆಯಿಲ್ಲದ ಸಾಲ, ಆಮೇಲೆ ದೇವನಹಳ್ಳಿಯ ಬಳಿ ಸೈಟು. ಸರಿಯಾಗಿ ಹತ್ತಕ್ಕೇ ಏಕೆ ಎಂಬುದಕ್ಕೆ ಉತ್ತರ ಕಾನೂನಿನಲ್ಲೇ ಇದೆ. ರಾತ್ರಿ 9ರಿಂದ ಬೆಳಿಗ್ಗೆ 10ರವರೆಗೆ ಪ್ರಚಾರ ಸಂದೇಶ ಕಳುಹಿಸುವಂತಿಲ್ಲವಾದ್ದರಿಂದ, ಇರುಳೆಲ್ಲ ಸಾಲುಗಟ್ಟಿ ನಿಂತವು ಗೇಟು ತೆರೆದ ಕೂಡಲೇ ಒಟ್ಟಿಗೆ ನುಗ್ಗುತ್ತವೆ. ಇದಕ್ಕೆ ಬೇಸತ್ತು 1909 ಸಂಖ್ಯೆಯ ಸೇವೆಯನ್ನು ಎರಡು ತಿಂಗಳು ಪಟ್ಟು ಹಿಡಿದು ಬಳಸಿದ್ದೇನೆ. ಈ ವಿಮರ್ಶೆ ಆ ಬಳಕೆಯದು.

ಇಂಥ ಕಾನೂನು ನಮ್ಮಲ್ಲಿ ಹೊಸದೇನಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2007ರಲ್ಲೇ ಮೊದಲ ನಿಯಮಾವಳಿಯನ್ನು ಹೊರಡಿಸಿತು, 2010ರಲ್ಲಿ ಅದರ ಜಾಗಕ್ಕೆ ಇನ್ನೊಂದನ್ನು ತಂದಿತು. ಈಗ ಜಾರಿಯಲ್ಲಿರುವುದು 2018ರ ಜುಲೈನ ನಿಯಮಾವಳಿ, 2025ರ ಫೆಬ್ರುವರಿಯ ತಿದ್ದುಪಡಿಯೊಂದಿಗೆ. ಇವೆಲ್ಲದರಲ್ಲಿ ಸಾಮಾನ್ಯ ಚಂದಾದಾರನ ಕೈಗೆಟುಕುವ ಭಾಗವೆಂದರೆ 1909 ಎಂಬ ನಾಲ್ಕಂಕಿಯ ಸಂಖ್ಯೆ ಮತ್ತು ಟ್ರಾಯ್‌ನ ಡಿಎನ್‌ಡಿ (‘ಡು ನಾಟ್ ಡಿಸ್ಟರ್ಬ್’, ಅಂದರೆ ತೊಂದರೆ ಕೊಡಬೇಡಿ) ಆಪ್.

ನೋಂದಣಿಯ ಬಗ್ಗೆ ನನಗೆ ತಕರಾರಿಲ್ಲ. ‘ಸ್ಟಾರ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಒಂದು ಜಾಗ ಬಿಟ್ಟು ಸೊನ್ನೆ ಸೇರಿಸಿ 1909ಕ್ಕೆ ಕಳುಹಿಸಿದರೆ ಎಲ್ಲ ಪ್ರಚಾರಕ್ಕೂ ತಡೆ ಬೀಳುತ್ತದೆ. ಬ್ಯಾಂಕು ಮತ್ತು ವಿಮೆ, ರಿಯಲ್ ಎಸ್ಟೇಟ್, ಶಿಕ್ಷಣ, ಆರೋಗ್ಯ, ಪ್ರವಾಸ ಮುಂತಾದ ವರ್ಗಗಳಲ್ಲಿ ಬೇಕಾದ್ದನ್ನು ಮಾತ್ರ ಉಳಿಸಿಕೊಳ್ಳುವ ಅವಕಾಶವೂ ಇದೆ. ಬ್ಯಾಂಕಿನ ಒಟಿಪಿ, ಗ್ಯಾಸ್ ಬುಕಿಂಗ್ ಮಾಹಿತಿ ಇತ್ಯಾದಿಗಳು ನಿಂತುಹೋಗುತ್ತವೆಯೋ ಎಂಬ ಅಳುಕು ನನಗೂ ಇತ್ತು, ಆದರೆ ಅವು ಬೇರೆ ಗುಂಪಿಗೆ ಸೇರಿದವು, ನಿಲ್ಲುವುದಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಹತ್ತು ಗಂಟೆಯ ಗದ್ದಲ ಮುಕ್ಕಾಲು ಪಾಲು ಅಡಗಿತು. ಉಚಿತ ಸೇವೆಯೊಂದು ಇಷ್ಟು ಮಾಡಿದ್ದು ಸಣ್ಣ ಮಾತಲ್ಲ.

ಉಳಿದ ಕಾಲು ಪಾಲು ಎಲ್ಲಿಂದ ಬರುತ್ತಿದೆ ಎಂದು ನೋಡಲು ಸಂದೇಶಗಳ ತಲೆಬರಹವನ್ನೇ, ಅಂದರೆ ಹೆಡರನ್ನು, ಓದಲು ಕಲಿತೆ. ಅಡ್ಡಗೆರೆಗೆ ಮುಂಚಿನ ಎರಡು ಅಕ್ಷರಗಳಲ್ಲಿ ಮೊದಲನೆಯದು ದೂರಸಂಪರ್ಕ ಕಂಪನಿಯನ್ನೂ ಎರಡನೆಯದು ವಲಯವನ್ನೂ ಸೂಚಿಸುತ್ತದೆ. ನಮ್ಮ ಕರ್ನಾಟಕಕ್ಕೆ ಸಿಕ್ಕಿರುವುದು ‘ಎಕ್ಸ್’ ಅಕ್ಷರ. ಆಮೇಲಿನದು ಕಳುಹಿಸಿದವರು ನೋಂದಾಯಿಸಿಕೊಂಡ ಹೆಸರು. 2025ರ ತಿದ್ದುಪಡಿಯ ಫಲವಾಗಿ ಕೊನೆಗೆ ಇನ್ನೊಂದು ಅಕ್ಷರ ಅಂಟಿಕೊಂಡಿದೆ: ಪ್ರಚಾರಕ್ಕೆ ‘ಪಿ’, ಸೇವೆಗೆ ‘ಎಸ್’, ವಹಿವಾಟಿಗೆ ‘ಟಿ’, ಸರ್ಕಾರಕ್ಕೆ ‘ಜಿ’. ಈ ಒಂದಕ್ಷರದ ಬಾಲ ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ಸಂಗತಿ, ಏಕೆಂದರೆ ಸಂದೇಶವನ್ನು ತೆರೆಯದೆಯೇ ಅದರ ಜಾತಕ ತಿಳಿಯುತ್ತದೆ.

ಈ ವರ್ಗೀಕರಣದ ಹಿಂದೆ ಬ್ಲಾಕ್‌ಚೈನ್ ಆಧಾರಿತ, ಅಂದರೆ ಒಮ್ಮೆ ಬರೆದದ್ದನ್ನು ಸದ್ದಿಲ್ಲದೆ ತಿದ್ದಲಾಗದ, ದಾಖಲೆ ವ್ಯವಸ್ಥೆಯಿದೆ. ಕಂಪನಿಗಳು ತಮ್ಮ ಹೆಡರನ್ನೂ ಸಂದೇಶದ ಒಕ್ಕಣೆಯ ಮಾದರಿಯನ್ನೂ ಮುಂಚಿತವಾಗಿ ಅಲ್ಲಿ ದಾಖಲಿಸಬೇಕು, ಮಾದರಿಗೆ ಹೊಂದದ ಸಂದೇಶ ದಾರಿಯಲ್ಲೇ ಬಿದ್ದುಹೋಗಬೇಕು. 2021ರ ಮಾರ್ಚ್ 8ರಂದು ಈ ಜರಡಿಯನ್ನು ನಿಜಕ್ಕೂ ಚಾಲೂ ಮಾಡಿದಾಗ ಬ್ಯಾಂಕುಗಳ ಒಟಿಪಿಗಳೂ ಕೋವಿಡ್ ಲಸಿಕೆಯ ನೋಂದಣಿ ತಾಣ ಕೋವಿನ್‌ನ ಸಂದೇಶಗಳೂ ಜನರಿಗೆ ತಲುಪದೆ ಫಜೀತಿಯಾಗಿ, ಒಂದು ವಾರದ ಮಟ್ಟಿಗೆ ಅದನ್ನು ತಡೆಹಿಡಿಯಬೇಕಾಯಿತು. ಜರಡಿಯ ಕಣ್ಣು ಅಷ್ಟು ಸಣ್ಣದಾಗಿದ್ದೂ ಸೀರೆಯ ರಿಯಾಯಿತಿ ಅದರಲ್ಲಿ ಹೇಗೆ ತೂರಿ ಬರುತ್ತದೆ?

ದೂರು ಕೊಟ್ಟ ಮೇಲೆ ಗೊತ್ತಾಯಿತು. ಬಂದ ಸಂದೇಶವನ್ನೂ ಕಳುಹಿಸಿದವರ ಹೆಡರ್ ಅಥವಾ ಸಂಖ್ಯೆಯನ್ನೂ ದಿನಾಂಕವನ್ನೂ ಅಲ್ಪವಿರಾಮಗಳಿಂದ ಬೇರ್ಪಡಿಸಿ 1909ಕ್ಕೆ ಕಳುಹಿಸಬೇಕು. ಆಪ್‌ನಲ್ಲಾದರೆ ಸಂದೇಶವನ್ನು ಆರಿಸಿ ಒತ್ತಿದರೆ ಸಾಕು. ಹಿಂದೆ ಮೂರು ದಿನದೊಳಗೆ ದೂರಬೇಕಿತ್ತು, ಈಗ ಏಳು ದಿನ ಸಮಯವಿದೆ. ಸೀರೆ ಅಂಗಡಿಯ ಮೇಲೆ ನಾನು ಕೊಟ್ಟ ದೂರನ್ನು ನನ್ನ ದೂರಸಂಪರ್ಕ ಕಂಪನಿ ಮೂರೇ ದಿನಕ್ಕೆ ಮುಚ್ಚಿತು: ಸಂದೇಶ ಪಡೆಯಲು ಗ್ರಾಹಕರೇ ಒಪ್ಪಿಗೆ ಕೊಟ್ಟಿದ್ದಾರೆ ಎಂಬ ಒಂದು ಸಾಲಿನ ಉತ್ತರದೊಂದಿಗೆ. ಯಾವಾಗ ಕೊಟ್ಟೆ, ಹೇಗೆ ಕೊಟ್ಟೆ ಎಂಬ ವಿವರವಿರಲಿಲ್ಲ. ತಲೆ ಕೆರೆದುಕೊಂಡಾಗ ನೆನಪಾದದ್ದು ತಂಗಿಯ ಮದುವೆಯ ಖರೀದಿ, ಬಿಲ್ಲಿನ ಕೌಂಟರು, ‘ನಂಬರ್ ಹೇಳಿ ಸಾರ್’ ಎಂಬ ಮಾತು. ನಾವು ಬಾಯಿಬಿಟ್ಟು ಹೇಳುವ ಹತ್ತು ಅಂಕಿಗಳನ್ನೇ ಒಪ್ಪಿಗೆಯೆಂದು ಬರೆದುಕೊಳ್ಳುವವರಿರುವಾಗ ನೋಂದಣಿಯೆಂಬ ಬೀಗ ಮುಂಬಾಗಿಲಿಗಷ್ಟೇ ಸೀಮಿತ, ಹಿತ್ತಲ ಬಾಗಿಲು ತೆರೆದೇ ಇರುತ್ತದೆ. ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ದಾರಿಯನ್ನು ಪ್ರಚಾರ ಸಂದೇಶದಲ್ಲೇ ಕೊಡಬೇಕೆಂದೂ, ಹಾಗೆ ಹಿಂಪಡೆದ ಗ್ರಾಹಕನನ್ನು 90 ದಿನ ಮತ್ತೆ ಕೇಳಬಾರದೆಂದೂ ತಿದ್ದುಪಡಿ ಹೇಳುತ್ತದೆ. ಆ ದಾರಿ ಹಿಡಿದ ಮೇಲೆಯೇ ಸೀರೆಗಳು ನಿಂತದ್ದು.

ಸೈಟಿನವರದು ಬೇರೆಯದೇ ಕಥೆ. ಅವರಿಗೆ ಹೆಡರೂ ಇಲ್ಲ, ನೋಂದಣಿಯೂ ಇಲ್ಲ. ಸಾಮಾನ್ಯ ಹತ್ತಂಕಿಯ ಸಂಖ್ಯೆಯಿಂದ ಕಳುಹಿಸುತ್ತಾರೆ. ಇಂಥವರ ವಿಷಯದಲ್ಲಿ ಕಾನೂನು ಈಗ ಸಾಕಷ್ಟು ಖಡಕ್ಕಾಗಿದೆ. ಡಿಎನ್‌ಡಿಗೆ ಸೇರದವರೂ ಇವರ ಮೇಲೆ ದೂರಬಹುದು, ಕ್ರಮಕ್ಕೆ ಮೊದಲಿದ್ದ 30 ದಿನಗಳ ಗಡುವು ಐದು ದಿನಕ್ಕೆ ಇಳಿದಿದೆ, ಹತ್ತು ದಿನಗಳಲ್ಲಿ ಐದು ದೂರುಗಳು ಬಂದರೆ ಕತ್ತರಿ ಬೀಳುತ್ತದೆ. ಮೊದಲ ಸಲ 15 ದಿನ ಹೊರಹೋಗುವ ಸೇವೆಗೆ ತಡೆ, ಮರುಕಳಿಸಿದರೆ ಎಲ್ಲ ಕಂಪನಿಗಳಲ್ಲೂ ಒಂದು ವರ್ಷ ಸಂಪರ್ಕ ಕಡಿತ. ನನ್ನ ದೂರಿಗೆ ಐದನೆಯ ದಿನ ಕ್ರಮ ಕೈಗೊಳ್ಳಲಾಗಿದೆ ಎಂಬ ಉತ್ತರ ಬಂತು. ಎಂಟನೆಯ ದಿನ ಅದೇ ಸೈಟು, ಅದೇ ಒಕ್ಕಣೆ, ಅದೇ ಕಾಗುಣಿತದ ತಪ್ಪು, ಬೇರೆ ಸಂಖ್ಯೆ. ಹೀಗಾಗಿ ದೂರು ಕೊಡುವುದು ಗದ್ದೆಯ ಕಳೆ ಕಿತ್ತ ಹಾಗೆ. ಒಂದು ಸಲ ಕಿತ್ತು ಕೈತೊಳೆದುಕೊಳ್ಳುವ ಕೆಲಸವಲ್ಲ.

ವಾಟ್ಸಾಪ್‌ನಲ್ಲಿ ಬರುವ ಜಾಹೀರಾತುಗಳಿಗೆ ಈ ನಿಯಮಾವಳಿ ಅನ್ವಯಿಸುವುದಿಲ್ಲವೆಂಬುದನ್ನು ಬಳಸುವವರು ಮೊದಲೇ ತಿಳಿದಿರುವುದು ಒಳ್ಳೆಯದು. ಹಣ ದೋಚುವ ಸಂದೇಶವಾದರೆ 1909 ಬಿಟ್ಟು ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದ ಚಕ್ಷು ವಿಭಾಗಕ್ಕೂ, ಹಣ ಹೋಗಿಯೇಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಹೋಗಬೇಕು. ಅಂಕ ಕೊಡುವುದಾದರೆ ನೋಂದಣಿಗೆ ಐದಕ್ಕೆ ನಾಲ್ಕೂವರೆ, ದೂರಿನ ಭಾಗಕ್ಕೆ ಎರಡೂವರೆ ಕೊಟ್ಟೇನು. ದೂರು ಮುಚ್ಚುವಾಗ ಒಪ್ಪಿಗೆಯ ದಿನಾಂಕವನ್ನೂ ಮೂಲವನ್ನೂ ತಿಳಿಸುವ ಪದ್ಧತಿ ಬಂದ ದಿನ ಇನ್ನೊಂದು ಅಂಕ ಸೇರಿಸಲು ಅಡ್ಡಿಯಿಲ್ಲ.

ಮೊನ್ನೆ ಚಪ್ಪಲಿ ಅಂಗಡಿಯಲ್ಲಿ ನಂಬರ್ ಕೇಳಿದಾಗ ಕೊಡುವುದಿಲ್ಲವೆಂದೆ. ‘ನಂಬರ್ ಇಲ್ಲದೆ ಬಿಲ್ ಆಗಲ್ಲ ಸಾರ್’ ಎಂದ ಹುಡುಗ, ನಾನು ಕದಲದೆ ನಿಂತದ್ದನ್ನು ಕಂಡು, ಒಂಬತ್ತನ್ನು ಹತ್ತು ಸಲ ಒತ್ತಿ ಬಿಲ್ಲು ಹರಿದುಕೊಟ್ಟ.